ಹೊತ್ತಲ್ಲದ ಹೊತ್ತಿನ ಶಂಖ

ಗಂಗೆ ಇನ್ನೂ ಮಂಜಿನ ಕಂಬಳಿಯೊಳಗಿದ್ದಾಳೆ. ಬಾಗ್‌ಬಜಾರದ ಘಾಟಿನ ಮೆಟ್ಟಿಲ ಮೇಲೆ ಒಬ್ಬರು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ತಲೆಗೆ ಮಂಕಿ ಟೋಪಿ, ಕಾಲಿಗೆ ಕ್ಯಾನ್ವಾಸ್ ಬೂಟು, ಅಂಗಿಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು. ಪೌಷ ಮಾಸ ಬಂತೆಂದರೆ ಕೊಲ್ಕತ್ತದ ಗಂಡಸರೆಲ್ಲ ಹಿಮಾಲಯ ಹತ್ತಲು ಹೊರಟವರ ಹಾಗೆ ಕಾಣುತ್ತಾರೆ. ಹತ್ತುತ್ತಿದ್ದದ್ದು ಟ್ರಾಮನ್ನು. ಈಗ ಈ ಕಡೆ ಅದೂ ಇಲ್ಲ.

"ಹಳೇ ಕಾಗ್ದಾ... ಹಳೇ ಕಬ್ಣಾ..." ಎಂದು ಒಮ್ಮೆ ಕೂಗುತ್ತಾರೆ. ನೀರಿಗಿಳಿದಿದ್ದ ಮುದುಕರೊಬ್ಬರು ತಿರುಗಿ ನೋಡುತ್ತಾರೆ. ಮರುಕ್ಷಣ ಅದೇ ಗಂಟಲಿನಿಂದ ಬಿಳಿ ದೊರೆಯೊಬ್ಬ "ಹಾಲ್ಟ್!" ಎನ್ನುತ್ತಾನೆ. ಆಮೇಲೆ ಒಬ್ಬ ಕಂಡಕ್ಟರ್ ಕೆಮ್ಮುತ್ತಾನೆ. ಬೇರೆಯವರು ನಸುಕಿನಲ್ಲಿ ಎದ್ದು ಸೂರ್ಯನಮಸ್ಕಾರ ಮಾಡಿದರೆ ಅನುಕೂಲ್ ಸಾಂತ್ರಾ ಹೀಗೆ ಗಂಟಲಿನೊಳಗಿನ ಸಂಸಾರವನ್ನೆಲ್ಲ ಎಬ್ಬಿಸುತ್ತಾರೆ.

ಅವರ ಹೆಸರಿನಲ್ಲಿರುವ ಅನುಕೂಲ ಹೆಸರಿನಾಚೆಗೆ ದಾಟಿದ್ದು ಕಡಿಮೆ. ಪ್ರತಿ ಭಾನುವಾರ ಜನರನ್ನು ಉತ್ತರ ಕೊಲ್ಕತ್ತದ ಗಲ್ಲಿಗಳಲ್ಲಿ ನಡೆಸಿಕೊಂಡು ಹೋಗಿ, ಈ ಊರು ಯಾವ್ಯಾವಾಗ ಯಾರ್ಯಾರ ಮೇಲೆ ತಿರುಗಿ ಬಿದ್ದಿತ್ತು ಎಂದು ತೋರಿಸುವುದು ಅವರ ಕಸುಬು. 'ಬಂಡಾಯದ ನಡಿಗೆ' ಎಂದು ಅದಕ್ಕೆ ಅವರೇ ಇಟ್ಟ ಹೆಸರು. ಬಂಡವಾಳ ಎರಡು ಕಾಲು, ಒಂದು ಗಂಟಲು. ನಡೆದವರು ಕೊನೆಯಲ್ಲಿ ಕೊಟ್ಟಷ್ಟು ಸಂಭಾವನೆ. ಕೊಡದೆ ಫೋಟೊ ಮಾತ್ರ ತೆಗೆದುಕೊಂಡು ಹೋದರೂ "ಮತ್ತೆ ಬನ್ನಿ" ಎನ್ನುತ್ತಾರೆ.

ಘಾಟಿನ ತಲೆಯಲ್ಲೇ ಪಂಚುವಿನ ಟೀ ಅಂಗಡಿ. ಮಣ್ಣಿನ ಕುಡಿಕೆಗೆ ಟೀ ಸುರಿಯುತ್ತ ಪಂಚು ದಿನದ ಮೊದಲ ಬಾಣ ಬಿಡುತ್ತಾನೆ.

"ಏನ್ ಅನುಕೂಲ್‌ದಾ, ಇವತ್ತು ಎಷ್ಟು ಜನಾನ ಕ್ರಾಂತಿಗೆ ಕರ್ಕೊಂಡು ಹೊರಟ್ರಿ?"

"ಐದು ಜನ."

"ಐದಾ! ಕ್ರಾಂತಿಗೆ ಸಾಲಲ್ಲ, ಕೇರಂಗೆ ಜಾಸ್ತಿ."

"ಒಬ್ಬರು ಕಮ್ಮಿ ಆಗ್ತಾರೆ ಬಿಡು. ಆ ಸಾಲ್ಟ್ ಲೇಕ್ ದಂಪತಿಗಳಲ್ಲಿ ಯಜಮಾನರಿಗೆ ಆಗಲೇ ಮಂಡಿ ನೋವಂತೆ."

ನಗು ಅಲ್ಲಿಗೆ ನಿಲ್ಲುತ್ತದೆ. ಪಂಚು ಕೆಟಲನ್ನು ಕೆಳಗಿಟ್ಟು ದನಿ ತಗ್ಗಿಸುತ್ತಾನೆ. "ನೀಲು ಕಬಿರಾಜ್ ಗಲ್ಲಿಗೂ ಹೋಗ್ತೀರಾ?"

"ಹೋಗ್ದೆ?"

"ಕಿಟಕಿ ತೆಗೆಯಲ್ಲ ದಾದಾ. ದುರ್ಗಾ ಪೂಜೋ ಮುಗಿದಾಗಿಂದ ನೋಡ್ತಾ ಇದೀರಲ್ಲ. ಮುಂದಿನ ಭಾನುವಾರದಷ್ಟೊತ್ತಿಗೆ ಬೀಣಾ ಬೌದಿ ಊರಲ್ಲೇ ಇರಲ್ಲ."

"ಅದಕ್ಕೇ ಹೋಗ್ಬೇಕು" ಎನ್ನುತ್ತಾರೆ ಅನುಕೂಲ್ ಬಾಬು. ಕುಡಿದ ಕುಡಿಕೆಯನ್ನು ಎಂದಿನಂತೆ ನೆಲಕ್ಕೆ ಕುಕ್ಕಿ ಒಡೆಯುವುದಿಲ್ಲ. ಮೆಲ್ಲಗೆ ಕಟ್ಟೆಯ ಮೇಲೆ ಇಡುತ್ತಾರೆ.

ನಡಿಗೆ ಹೊರಡುತ್ತದೆ. ವಿದೇಶಿ ಬಟ್ಟೆ ಸುಟ್ಟ ಮೂಲೆಯಲ್ಲಿ ಅವರೇ ಒಬ್ಬ ಹಳೇ ಕಾಲದ ಜಮೀನ್ದಾರಿ ಬಾಬು ಆಗುತ್ತಾರೆ. ಊರೆಲ್ಲ ಮ್ಯಾಂಚೆಸ್ಟರ್ ಧೋತಿಗಳನ್ನು ಬೆಂಕಿಗೆ ಎಸೆಯುವಾಗ ತಾನು ಉಟ್ಟಿದ್ದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಬಂದೇ ಮಾತರಂ, ಇದೊಂದು ಬಿಟ್ಟು!" ಎಂದು ಕೂಗುವ ಬಾಬು. ಕಾಲೇಜಿನ ಮೂವರು ಹೊಟ್ಟೆ ಹಿಡಿದು ನಗುತ್ತಾರೆ. ಮುಂದಿನ ತಿರುವಿನಲ್ಲಿ ಒಂದು ನೆಲಮಾಳಿಗೆಯ ಕಿಂಡಿ. ಅಲ್ಲಿ ಹುಡುಗರು ಬಾಂಬಿಗೆ ಮದ್ದು ಅರೆಯುತ್ತಿದ್ದರಂತೆ, ಕೇಳಿದವರಿಗೆ "ಅಜೀರ್ಣದ ಚೂರ್ಣ" ಎನ್ನುತ್ತಿದ್ದರಂತೆ. "ಸುಳ್ಳಲ್ಲ, ಯಾರ್ಯಾರಿಗೋ ಜೀರ್ಣ ಆಗ್ಲಿಲ್ಲ" ಎಂದು ಅನುಕೂಲ್ ಬಾಬು ಕಣ್ಣು ಮಿಟುಕಿಸುತ್ತಾರೆ.

ಟ್ರಾಮು ಹಾದುಹೋಗುತ್ತಿದ್ದ ರಸ್ತೆಗೆ ಬಂದಾಗ ನಾಲಿಗೆಯಲ್ಲೇ ಟಿಣ್ ಟಿಣ್ ಗಂಟೆ ಬಾರಿಸಿ, ಒಂದು ಪೈಸೆ ಏರಿಸಿದ್ದಕ್ಕೆ ಇಡೀ ಊರು ಬೀದಿಗಿಳಿದ ಕಥೆ ಹೇಳುತ್ತಾರೆ. ಬೆಂಕಿ ಬಿದ್ದ ಬೋಗಿ, ಕಲ್ಲು, ಲಾಠಿ, ಓಡಿದವರ ಚಪ್ಪಲಿ, ಎಲ್ಲಕ್ಕೂ ಒಂದೊಂದು ಸದ್ದಿದೆ. ಕೊನೆಗೆ ಡಾಂಬರಿನಲ್ಲಿ ಹೂತು ಹೋದ ಹಳಿಯ ಮೇಲೆ ಬೂಟಿನ ತುದಿ ಇಟ್ಟು ನಿಲ್ಲುತ್ತಾರೆ. "ಒಂದು ಪೈಸೆ ಜಾಸ್ತಿ ಮಾಡಿದ್ದಕ್ಕೆ ಸುಟ್ಟಾಕಿದ್ವಿ. ಇಡೀ ಟ್ರಾಮನ್ನೇ ಎತ್ಕೊಂಡು ಹೋದ್ರು, ಯಾರೂ ಒಂದು ಕಡ್ಡಿ ಗೀರಲಿಲ್ಲ. ಫೋಟೊ ತೆಗೆದು ಅತ್ಕೊಂಡು ಮನೆಗೆ ಹೋದ್ವಿ." ಯಾರೂ ನಗುವುದಿಲ್ಲ. ನಗಬೇಕೋ ಬೇಡವೋ ಅವರಿಗೆ ತಿಳಿಯುವುದಿಲ್ಲ.

ಅನುಕೂಲ್ ಬಾಬು ಹುಟ್ಟಾ ಮಾರ್ಗದರ್ಶಿಯಲ್ಲ. ಕಾಲೇಜ್ ಸ್ಟ್ರೀಟಿನ ಹಿಂದಿನ ಓಣಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಬೇರೆಯವರ ತಪ್ಪು ಹುಡುಕಿಯೇ ಜೀವನ. ಮುದ್ರಣಾಲಯ ಮುಚ್ಚಿತು, ಕಣ್ಣಿಗೆ ಪೊರೆ ಬಂತು. ಒಂದು ಸಂಜೆ ದಾರಿ ಕೇಳಿದ ಹೊರ ಊರಿನವರಿಗೆ ದಾರಿಯ ಜೊತೆಗೆ ಒಂದು ಕಥೆಯನ್ನೂ ಹೇಳಿದರು. ಅವರು ಕಥೆ ಕೇಳುತ್ತ ದಾರಿಯನ್ನೇ ಮರೆತರು. ಅಲ್ಲಿಂದ ಶುರು. "ತಪ್ಪು ತಿದ್ದೋ ಕೆಲಸ ಬಿಟ್ಟು ಬಂದೋನು ನಾನು" ಎನ್ನುತ್ತಾರೆ. "ಇಲ್ಲಿ ಬಂದು ಒಂದು ತಪ್ಪನ್ನ ಬೇಕೂಂತ ಹಾಗೇ ಬಿಟ್ಟಿದ್ದೆ."

ಆ ತಪ್ಪು ಇರುವುದು ನಡಿಗೆಯ ಕೊನೆಯಲ್ಲಿ, ನೀಲು ಕಬಿರಾಜ್ ಗಲ್ಲಿಯಲ್ಲಿ.

ಗಲ್ಲಿಯ ಬಾಯಿಗೆ ಬಂದ ಕೂಡಲೇ ಅವರ ಗಂಟಲಿನ ನಾಟಕ ಕಂಪನಿ ರಜೆ ಹಾಕುತ್ತದೆ. ಇಲ್ಲಿ ಅವರು ಯಾರ ದನಿಯನ್ನೂ ಮಾಡುವುದಿಲ್ಲ. ಅವರು ಹುಟ್ಟಿದ ಮನೆ ಇದ್ದದ್ದು ಇಲ್ಲೇ, ಎಡಗಡೆ. ಈಗ ಅಲ್ಲಿ ಆರು ಮಹಡಿಯ ಫ್ಲ್ಯಾಟುಗಳು ನಿಂತಿವೆ. ಎದುರಿಗೆ ಉಳಿದಿರುವುದು ಒಂದೇ ಹಳೇ ಮನೆ: ಮರದ ಪಟ್ಟಿಗಳ ಹಸಿರು ಖಡಖಡಿ ಕಿಟಕಿ, ಕಬ್ಬಿಣದ ಬಾಲ್ಕನಿ, ಗೋಡೆ ಸೀಳಿ ಹೊರಬಂದ ಅರಳಿ ಗಿಡ. ಅದರ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವವರು ಬೀಣಾ ಬೌದಿ. ಎಪ್ಪತ್ತು ದಾಟಿದವರು. ಮದುವೆಯಾಗಿ ಈ ಗಲ್ಲಿಗೆ ಬಂದಾಗ ಇಲ್ಲಿನ ಹುಡುಗರಿಗೆಲ್ಲ ಅತ್ತಿಗೆ, ಈಗ ಆ ಹುಡುಗರ ಮೊಮ್ಮಕ್ಕಳಿಗೂ 'ಬೌದಿ'ಯೇ. ಅನುಕೂಲರನ್ನು ಮಾತ್ರ ಅವರು ಅಂದಿನಿಂದಲೂ ಮೈದುನ ಎಂಬ ಸಲಿಗೆಯಲ್ಲಿ 'ಠಾಕುರ್‌ಪೋ' ಎಂದೇ ಕರೆಯುತ್ತಾರೆ.

ಎಪ್ಪತ್ತೊಂದರ ಸುಮಾರು. ಗೋಡೆಗಳೆಲ್ಲ ಕೆಂಪು ಅಕ್ಷರ, ಗಲ್ಲಿಗಳೆಲ್ಲ ನಕ್ಸಲ್ ಹುಡುಗರು. ಅನುಕೂಲ್ ಆಗ ಶಾಲೆಯ ಹುಡುಗ. ಅಣ್ಣ ಬಿಭು ಕಾಲೇಜು ಬಿಟ್ಟು ತಲೆಮರೆಸಿಕೊಂಡಿದ್ದ. ತಲೆ ಮರೆಸಿದ್ದು ಎಲ್ಲಿ? ಸ್ವಂತ ಮನೆಯಿಂದ ಎರಡು ಮನೆ ಆಚೆ, ಬೇರೆಯವರ ಚಾವಣಿಯ ಕೋಣೆಯಲ್ಲಿ. ಅಮ್ಮ ಮಾಡಿದ ಮೀನು ಸಾರಿನ ಪರಿಮಳ ಹೋಗುವಷ್ಟು ದೂರ.

ಪೊಲೀಸರ ಗಾಡಿ ಗಲ್ಲಿಯೊಳಗೆ ಬಂದರೆ ಹುಡುಗರಿಗೆ ತಿಳಿಸುವುದು ಹೇಗೆ? ಕೂಗುವಂತಿಲ್ಲ, ಸೀಟಿ ಹೊಡೆಯುವಂತಿಲ್ಲ. ಗಲ್ಲಿಯ ಹೆಂಗಸರು ದಾರಿ ಹುಡುಕಿದರು. ಪ್ರತಿ ಮನೆಯ ಠಾಕುರ್ ಕೋಣೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಒಂದು ಶಂಖ ಇದ್ದೇ ಇದೆ. ಸಂಜೆ ದೀಪ ಹಚ್ಚಿ ಊದುತ್ತಾರೆ, ಅದು ಯಾರ ಕಿವಿಗೂ ಹೊಸದಲ್ಲ. ಆದ್ದರಿಂದ, ಸಂಜೆಯಲ್ಲದ ಹೊತ್ತಿನಲ್ಲಿ ಶಂಖ ಕೇಳಿತೆಂದರೆ ಓಡು. ಮೊದಲು ಕಂಡವರು ಊದಬೇಕು, ಕೇಳಿಸಿಕೊಂಡ ಮನೆ ಮುಂದಿನ ಮನೆಗೆ ದಾಟಿಸಬೇಕು. ಪೊಲೀಸರು ಎರಡು ಹೆಜ್ಜೆ ಇಡುವುದರೊಳಗೆ ಸದ್ದು ಗಂಗೆ ಮುಟ್ಟಿರುತ್ತಿತ್ತು.

ಮದುವೆಗೂ ಶಂಖ ಊದುವ ಊರಾದ್ದರಿಂದ ಮದುವೆ ಮನೆಯವರು ಮುಹೂರ್ತವನ್ನು ಮೊದಲೇ ಹುಡುಗರಿಗೆ ತಿಳಿಸಬೇಕಿತ್ತು, ಇಲ್ಲದಿದ್ದರೆ ಮಾಲೆ ಬದಲಾಗುವ ಹೊತ್ತಿಗೆ ಅರ್ಧ ಕ್ರಾಂತಿ ಗೋಡೆ ಹಾರಿರುತ್ತಿತ್ತು. ಒಮ್ಮೆ ಗಲ್ಲಿಯ ತುದಿಯ ಮನೆಯಲ್ಲಿ ಮಧ್ಯಾಹ್ನ ಗಂಡುಮಗು ಹುಟ್ಟಿತು. ಖುಷಿಯಲ್ಲಿ ಅಜ್ಜಿ ಶಂಖ ಊದಿಬಿಟ್ಟಳು. ಹುಡುಗರೆಲ್ಲ ಊಟದ ಎಂಜಲು ಕೈಯಲ್ಲೇ ಚಾವಣಿಯಿಂದ ಚಾವಣಿಗೆ ಜಿಗಿದರು. ವಾರವಿಡೀ ಗಲ್ಲಿ ನಕ್ಕಿತು. ಬಿಭು ಆ ಮಗುವನ್ನು ನೋಡಲು ಹೋಗಿ "ಏನಪ್ಪಾ ಇನ್ಸ್‌ಪೆಕ್ಟರೇ" ಎಂದು ಕೆನ್ನೆ ಹಿಂಡಿ ಬಂದ. ಆ ಹೆಸರು ಮಗುವಿಗೆ ಹಾಗೇ ಅಂಟಿಕೊಂಡಿತು.

ಹೀಗೆ ಎಲ್ಲಕ್ಕೂ ಲೆಕ್ಕ ಹಾಕಿದ್ದರು. ಮದುವೆಗೆ, ಹೆರಿಗೆಗೆ, ಪೂಜೆಗೆ. ಕಾಲ ಕೆಳಗಿನ ಭೂಮಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಂದು ನಸುಕಿನಲ್ಲಿ ಭೂಮಿ ನಡುಗಿತು. ದೊಡ್ಡದೇನಲ್ಲ, ಪಾತ್ರೆ ಗಲಗಲ ಎಂದವು, ಸೊಳ್ಳೆ ಪರದೆ ತೂಗಿತು. ಭೂಮಿ ನಡುಗಿದರೆ ಬಂಗಾಳಿ ಮನೆಯ ಹೆಂಗಸು ಏನು ಮಾಡುತ್ತಾಳೆ? ಶಂಖ ಊದುತ್ತಾಳೆ. ಅವಳಮ್ಮ ಊದಿದ್ದಳು, ಅಮ್ಮನ ಅಮ್ಮ ಊದಿದ್ದಳು. ಯೋಚನೆ ಏಳುವ ಮೊದಲೇ ಕೈ ಎದ್ದಿರುತ್ತದೆ. ಹೊಸ ಸೊಸೆ ಬೀಣಾ ನಿದ್ದೆಗಣ್ಣಿನಲ್ಲಿ ಠಾಕುರ್ ಕೋಣೆಗೆ ಓಡಿ ಉಸಿರು ತುಂಬಿ ಊದಿದಳು. ಪಕ್ಕದ ಮನೆ ದಾಟಿಸಿತು. ಅದರ ಪಕ್ಕದ್ದೂ ದಾಟಿಸಿತು.

ಶಂಖದಿಂದ ಬಂದರೇ ತೀರ್ಥ ಎನ್ನುತ್ತಾರೆ. ಅಂದು ಶಂಖದಿಂದ ಬಂದದ್ದು ಬೇರೆ. ಚಾವಣಿಯ ಕೋಣೆಯಿಂದ ಬಿಭು ಎದ್ದು, ಗೋಡೆ ಹಾರಿ, ಬರಿಗಾಲಿನಲ್ಲಿ ಗಲ್ಲಿಯ ಬಾಯಿಗೆ ಓಡಿದ. ಗಲ್ಲಿಯೊಳಗೆ ಪೊಲೀಸರು ಇರಲೇ ಇಲ್ಲ. ಇದ್ದದ್ದು ಹೊರಗೆ, ದೊಡ್ಡ ರಸ್ತೆಯಲ್ಲಿ. ನಡುಕಕ್ಕೆ ಹೆದರಿ ಗಾಡಿಯಿಂದ ಕೆಳಗಿಳಿದು ನಿಂತಿದ್ದರು. ಎದುರಿಗೇ ಓಡಿಬಂದ ಹುಡುಗನನ್ನು ನೋಡಿ ಇನ್ನೂ ಹೆದರಿದರು. ಗುಂಡಿನ ಸದ್ದನ್ನು ಅನುಕೂಲ್ ಬಾಬು ಯಾವ ನಡಿಗೆಯಲ್ಲೂ ಅನುಕರಿಸಿಲ್ಲ.

"ಯಾರೂ ಏನೂ ಅನ್ಲಿಲ್ಲ ಬೌದೀನ. ನಮ್ಮಮ್ಮ ಅಂತೂ ಒಂದು ಮಾತು ಅನ್ಲಿಲ್ಲ. ಅದೇ ತಪ್ಪಾಯ್ತೇನೋ" ಎನ್ನುತ್ತಾರೆ ಅನುಕೂಲ್ ಬಾಬು, ಪಂಚುವಿನ ಹತ್ತಿರ ಮಾತ್ರ. "ಬೈದಿದ್ರೆ ಅವರೂ ಅತ್ತು ಹಗುರ ಆಗ್ತಿದ್ರು. ಎಲ್ರೂ ಸುಮ್ಮನಾದ್ವಿ. ಸಂಜೆ ದೀಪ ಹಚ್ಚಿದ್ರೂ ಆ ಮನೇಲಿ ಆಮೇಲೆ ಶಂಖ ಕೇಳಲಿಲ್ಲ."

ಮೊದಲ ಸಲ ಜನರನ್ನು ಈ ಗಲ್ಲಿಗೆ ಕರೆತಂದಾಗ ಅನುಕೂಲ್ ಬಾಬು ಆ ಕಿಟಕಿಯ ಕೆಳಗೆ ನಿಂತು, ಬೇಕೆಂದೇ ದನಿ ಎತ್ತರಿಸಿ, ಕಥೆಯನ್ನು ಬೇರೆ ಮಾಡಿ ಹೇಳಿದರು. ಭೂಮಿ ನಡುಗಲಿಲ್ಲ. ಪೊಲೀಸರೇ ಬಂದರು. ಬೌದಿ ಕಂಡರು, ಊದಿದರು. ಗಲ್ಲಿಯ ಹುಡುಗರೆಲ್ಲ ಪಾರಾದರು, ಹಿಂದುಳಿದ ಒಬ್ಬನನ್ನು ಬಿಟ್ಟು. "ಆ ಒಬ್ಬ ನನ್ನಣ್ಣ. ಉಳಿದವರನ್ನೆಲ್ಲ ಉಳಿಸಿದ್ದು ಆ ಕಿಟಕಿ" ಎಂದು ಮೇಲೆ ಕೈ ತೋರಿಸಿದರು. ಖಡಖಡಿಯ ಪಟ್ಟಿ ಒಂದೇ ಒಂದು ತಿರುಗಿತು.

ಮುಂದಿನ ಭಾನುವಾರ ಎರಡು ಪಟ್ಟಿ ತಿರುಗಿದವು. ಚಳಿ ಕಳೆದು ಮಾವು ಹೂ ಬಿಡುವ ಹೊತ್ತಿಗೆ ಕಿಟಕಿ ತೆರೆಯಿತು. ಒಂದು ದಿನ ಕಥೆ ಮುಗಿಯುತ್ತಿದ್ದಂತೆ ಮೇಲಿನಿಂದ ಶಂಖ ಕೇಳಿತು, ತೊದಲುತ್ತ, ಗಾಳಿ ಸೋರುತ್ತ. ಅಂದಿನಿಂದ ನಡಿಗೆ ಮುಗಿಯುತ್ತಿದ್ದದ್ದು ಆ ಸದ್ದಿನಿಂದಲೇ. ಆಮೇಲೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ತರಕಾರಿ ಚೀಲ ಕೆಳಗಿಳಿಯುತ್ತಿತ್ತು, ಒಳಗೆ ಠಾಕುರ್‌ಪೋಗೆ ಏನಾದರೊಂದು ತಿಂಡಿ. ಪೌಷದಲ್ಲಾದರೆ ಖರ್ಜೂರದ ಹೊಸ ಬೆಲ್ಲದ ಪಿಠೆ.

ವರ್ಷಗಟ್ಟಲೆ ನಿಂತ ಈ ಏರ್ಪಾಟು ಮುರಿದದ್ದು ಪೂಜೋ ಮುಗಿದ ಮೇಲಿನ ಭಾನುವಾರ. ನಡಿಗೆಗೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಕಥೆ ಕೇಳಿ ಮುಗ್ಧವಾಗಿ ಕೈ ಎತ್ತಿದಳು. "ಕಾಕಾ, ನಮ್ಮ ಠಾಕುಮಾ ಮುಂಚೆ ಇದೇ ಗಲ್ಲೀಲಿದ್ರಂತೆ. ಅವ್ರು ಬೇರೆ ಥರ ಹೇಳ್ತಿದ್ರು. ಅವತ್ತು ಭೂಕಂಪ ಆಗಿತ್ತಂತಲ್ಲ? ಶಂಖ ಊದಿದ್ದು ಅದಕ್ಕಂತಲ್ಲ?" ಅನುಕೂಲ್ ಬಾಬು ಕೆಮ್ಮಿದರು. ಕಂಡಕ್ಟರ್ ಕೆಮ್ಮು, ದೊರೆ ಕೆಮ್ಮು, ಇರುವ ಕೆಮ್ಮನ್ನೆಲ್ಲ ಕೆಮ್ಮಿದರು. ಹುಡುಗಿ ತನ್ನಜ್ಜಿ ಹೇಳಿದ್ದನ್ನೆಲ್ಲ ಹೇಳಿಯೇ ನಿಲ್ಲಿಸಿದಳು. ಕಿಟಕಿ ಸದ್ದಿಲ್ಲದೆ ಮುಚ್ಚಿಕೊಂಡಿತು. ಶಂಖವೂ ಇಲ್ಲ, ಚೀಲವೂ ಇಲ್ಲ. ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ಟಿದರೆ "ಮಲಗಿದೀನಿ ಠಾಕುರ್‌ಪೋ" ಎಂಬ ಉತ್ತರ ಮಾತ್ರ.

ಈಗ ಆ ಮನೆಯನ್ನೂ ಕೆಡವುತ್ತಾರೆ. ಬೌದಿಯ ಅಕ್ಕನ ಮಗಳು ದುರ್ಗಾಪುರಕ್ಕೆ ಕರೆದೊಯ್ಯುತ್ತಾಳೆ. ಪೌಷದಲ್ಲಿ ಮನೆ ಬಿಡಬಾರದೆಂಬ ಕಟ್ಟಳೆ ಇರುವುದಕ್ಕಷ್ಟೇ ಇನ್ನೂ ಇದ್ದಾರೆ. ಸಂಕ್ರಾಂತಿ ಕಳೆದರೆ ಮಾಘ, ಮಾಘ ಬಂದರೆ ಲಾರಿ. ಇದು ಪೌಷದ ಕೊನೆಯ ಭಾನುವಾರ.

"ನನಗೇನು ದೊಡ್ಡ ಆಸೆ ಇಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ ಅನುಕೂಲ್ ಬಾಬು, ಗಲ್ಲಿಯ ಬಾಯಲ್ಲಿ ನಿಂತು ಮಂಕಿ ಟೋಪಿಯನ್ನು ಕೈಗೆ ತೆಗೆದುಕೊಳ್ಳುತ್ತ. "ಅವರು ಹೋಗೋದ್ರೊಳಗೆ ಇನ್ನೊಂದೇ ಒಂದು ಸಲ ಊದ್ಲಿ. ಹಾಗೆ ಕಿಟಕಿ ಮುಚ್ಕೊಂಡು ಹೋಗ್ಬಾರ್ದು. ಅಷ್ಟೇ."

ಐವರೂ ಕಿಟಕಿಯ ಕೆಳಗೆ ಸೇರುತ್ತಾರೆ. ಅನುಕೂಲ್ ಬಾಬು ಎಂದಿಗಿಂತ ಗಟ್ಟಿಯಾಗಿ ಶುರು ಮಾಡುತ್ತಾರೆ. ಇವತ್ತಿನ ಕಥೆ ಹಳೆಯದಲ್ಲ. ರಾತ್ರಿಯೆಲ್ಲ ಕೂತು ತಿದ್ದಿದ್ದು.

"ಅವತ್ತು ಭೂಕಂಪ ಆಯ್ತು. ಹೌದು, ಆಯ್ತು. ಮೊದಲು ಶಂಖ ಊದಿದ್ದು ಯಾರು ಗೊತ್ತಾ? ನಮ್ಮಮ್ಮ. ಇಲ್ಲೇ, ಈ ಎಡಗಡೆ ಮನೆಯಿಂದ. ನಾನು ಪಕ್ಕದಲ್ಲೇ ಮಲಗಿದ್ದೆ, ಕಣ್ಣಾರೆ ನೋಡಿದೀನಿ. ಆಮೇಲೆ ಮಿಕ್ಕವರು ದಾಟಿಸಿದ್ರು, ಅಷ್ಟೇ. ಮೊದಲು ಊದಿದ್ದು ನಮ್ಮಮ್ಮ!"

ಖಡಖಡಿ ಸರಕ್ಕನೆ ತೆರೆಯುತ್ತದೆ. ಬೆಳ್ಳಗಿನ ತಲೆ, ಬಣ್ಣ ಕಳೆದ ಶಾಲು.

"ಠಾಕುರ್‌ಪೋ."

"ಹೇಳಿ ಬೌದಿ." ಅರವತ್ತೈದು ದಾಟಿದ ಮನುಷ್ಯ ಶಾಲೆಯ ಹುಡುಗನ ಹಾಗೆ ನೆಟ್ಟಗಾಗುತ್ತಾರೆ.

"ನಿಮ್ಮಮ್ಮ ಅವತ್ತು ಟೈಫಾಯ್ಡ್ ಆಗಿ ಮಲಗಿದ್ರು. ಎದ್ದು ಕೂರೋಕೂ ತ್ರಾಣ ಇರ್ಲಿಲ್ಲ. ಬಾರ್ಲಿ ಕಾಯಿಸಿ ಕುಡಿಸ್ತಿದ್ದೋಳು ನಾನು. ಸತ್ತೋರ ತಲೆಗೆ ಯಾಕೋ ಕಟ್ತೀಯ?"

ಅನುಕೂಲ್ ಬಾಬು ಬಾಯಿ ತೆರೆಯುತ್ತಾರೆ. ಗಂಟಲಿನಲ್ಲಿ ಅಷ್ಟು ಜನರಿದ್ದರೂ ಒಬ್ಬರೂ ನೆರವಿಗೆ ಬರುವುದಿಲ್ಲ.

"ಆ ಹಳೇ ಕಥೆ ಚೆನ್ನಾಗಿತ್ತು ಕಣೋ" ಎನ್ನುತ್ತಾರೆ ಬೌದಿ. ದನಿಯಲ್ಲಿ ಸಿಟ್ಟಿಲ್ಲ. "ಭಾನುವಾರ ಕೇಳಿದ್ರೆ ಸೋಮವಾರದ ತನಕ ನಂಬ್ತಿದ್ದೆ. ಮಂಗಳವಾರ ಕಷ್ಟ ಆಗ್ತಿತ್ತು. ಆದ್ರೂ ಮತ್ತೆ ಭಾನುವಾರ ಬರೋದು."

"ಅದನ್ನೇ ಹೇಳ್ತೀನಿ ಬೌದಿ. ಈಗ್ಲೇ ಹೇಳ್ತೀನಿ. ಇವ್ರಿಗೆ ಗೊತ್ತಿಲ್ಲ, ಇವ್ರೆಲ್ಲ ಹೊಸಬ್ರು."

"ನನಗೆ ಗೊತ್ತಲ್ಲಪ್ಪ." ಗಲ್ಲಿಯ ಬಾಯಿಯ ಕಡೆ ನೋಡುತ್ತ ಕೇಳುತ್ತಾರೆ, "ಕಾಲಿಗೆ ಏನೂ ಹಾಕಿರ್ಲಿಲ್ಲ ಅಲ್ವಾ ಅವನು?"

"ಇಲ್ಲ ಬೌದಿ."

"ಈ ಬಾಲ್ಕನಿಯಿಂದ ನೋಡಿದೆ. ಬರಿಗಾಲು. ಶೀತ ಆಗುತ್ತೆ ಇವನಿಗೆ ಅಂದ್ಕೊಂಡೆ ನೋಡು, ಆ ಹೊತ್ತಲ್ಲಿ."

ಕಿಟಕಿಯಿಂದ ತಲೆ ಮರೆಯಾಗುತ್ತದೆ. ಒಳಗೆ ಪೆಟ್ಟಿಗೆ ಎಳೆದ ಸದ್ದು. ಆಮೇಲೆ ಬಾಲ್ಕನಿಯಿಂದ ಹಗ್ಗ ಇಳಿಯತೊಡಗುತ್ತದೆ, ತುದಿಯಲ್ಲಿ ಅದೇ ತರಕಾರಿ ಚೀಲ. ಪಿಠೆ ಇರಬೇಕೆಂದು ಅನುಕೂಲ್ ಬಾಬು ಎರಡೂ ಕೈ ಚಾಚುತ್ತಾರೆ. ಭಾರವಿದೆ. ಹಳೇ ಸೀರೆಯ ತುಂಡಿನೊಳಗೆ ಸುತ್ತಿದ್ದು ಶಂಖ. ಬಾಯಿ ತಗಲುವ ಕಡೆ ಸವೆದು ಹಳದಿಯಾಗಿದೆ.

"ಬೌದಿ, ಇದು ನಿಮ್ಮ..."

"ದುರ್ಗಾಪುರದಲ್ಲಿ ಬೇಡ. ಅಲ್ಲೂ ಭೂಮಿ ನಡುಗಿದ್ರೆ ಕೈ ಹೋಗ್ಬಿಡುತ್ತೆ" ಎಂಬ ದನಿ ಮಾತ್ರ ಕೇಳುತ್ತದೆ. ಖಾಲಿ ಹಗ್ಗ ಮೇಲಕ್ಕೆ ಸರಿದು ಹೋಗುತ್ತದೆ. ಖಡಖಡಿ ಮುಚ್ಚಿಕೊಳ್ಳುತ್ತದೆ.

ಸಾಲ್ಟ್ ಲೇಕಿನ ಯಜಮಾನರು ಮಂಡಿ ತಿಕ್ಕಿಕೊಳ್ಳುತ್ತ ಬೇರೆಲ್ಲೋ ನೋಡುತ್ತಾರೆ. ಎದುರಿನ ಫ್ಲ್ಯಾಟಿನಲ್ಲಿ ಯಾರದೋ ಮಿಕ್ಸಿ ತಿರುಗುತ್ತಿದೆ. ಕಾಲೇಜಿನ ಹುಡುಗನೊಬ್ಬ ಹಿಂಜರಿಯುತ್ತಲೇ ಫೋನು ಹೊರತೆಗೆಯುತ್ತಾನೆ.

"ಕಾಕಾ, ಒಂದ್ಸಲ ಊದ್ತೀರಾ? ಬರೀ ಸೌಂಡ್ ಸಾಕು. ರೆಕಾರ್ಡ್ ಮಾಡ್ಕೊತೀನಿ."

ಅನುಕೂಲ್ ಸಾಂತ್ರಾ ಶಂಖವನ್ನು ಮತ್ತೆ ಸೀರೆಯ ತುಂಡಿನೊಳಗೆ ಸುತ್ತುತ್ತಾರೆ, ಬಾಯಿ ಕಾಣದ ಹಾಗೆ. ಗಲ್ಲಿಯ ಬಾಯಿಯ ಕಡೆ, ದೊಡ್ಡ ರಸ್ತೆಯ ಬೆಳಕಿನ ಕಡೆ ಒಮ್ಮೆ ನೋಡುತ್ತಾರೆ.

"ಬೇಡಪ್ಪಾ" ಎನ್ನುತ್ತಾರೆ, ತಮ್ಮದೇ ದನಿಯಲ್ಲಿ. "ಯಾರಾದ್ರೂ ಓಡಿಬಿಟ್ರೆ?"